ಐದನೇ ಬೋಗಿಯ ಬಾಗಿಲು

ಫ್ರಿಜ್ಜಿನ ತಳದ ಡಬ್ಬಿ ಎಳೆದ ಅತ್ತೆ ಹೌಹಾರಿದಳು. ಬಂದವರ ಚಹಾಕ್ಕೆಂದು ತರಿಸಿದ ಹಾಲಿನ ಪೊಟ್ಟಣಗಳನ್ನು ಎದೆಗೆ ಅವುಚಿಕೊಂಡು ಜಾಗ ಹುಡುಕುತ್ತಿದ್ದವಳಿಗೆ ಕಂಡದ್ದು ಡಬ್ಬಿಯ ತುಂಬ ಕ್ಯಾರೆಟ್. ಮೇಲಿನ ಖಾನೆಯಲ್ಲೂ ಕ್ಯಾರೆಟ್. ಒಂದೂ ದಪ್ಪದ್ದಿಲ್ಲ, ಎಲ್ಲ ಕಿರುಬೆರಳಿನ ಗಾತ್ರದವು, ಆರಿಸಿ ತಂದಂತೆ ಒಂದೇ ಸಮ.

"ಏನೇ ಇದು? ಮನೇಲಿರೋರು ಮೂರು ಮತ್ತೊಂದು ಜನ. ಕುದುರೆ ಗಿದುರೆ ಸಾಕಿದ್ರಾ?"

"ಅಪ್ಪನ ಕೆಲಸದ್ದು ಅತ್ತೆ, ಹಾಗೇ ಇರಲಿ," ಎಂದು ಮಗಳು ನಡುಮನೆಯಿಂದ ಹೇಳುವಷ್ಟರಲ್ಲಿ ಮತ್ತಿಬ್ಬರು ಮೆಟ್ಟಿಲು ಹತ್ತಿ ಬಂದರು, ಅವರಿಗೆ ಕುರ್ಚಿ ಹಾಕಬೇಕಾಯಿತು, ಅವಳ ಮಾತು ಅಡುಗೆಮನೆಯ ತನಕ ಮುಟ್ಟಲೇ ಇಲ್ಲ. ಅತ್ತೆ ದೂರದೂರಿನಿಂದ ಆಗಷ್ಟೇ ಬಂದಿಳಿದವಳು. ತಮ್ಮನಿಗೆ ರೈಲಿನಲ್ಲಿ ಕೆಲಸ ಎಂಬುದು ಅವಳಿಗೆ ಗೊತ್ತು. ಏನು ಕೆಲಸ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸುಮ್ಮನೆ ಕೂತರೆ ಅಳು ಬರುತ್ತದೆಂದು ಚಾಕು ಹುಡುಕಿಕೊಂಡಳು. ಇಷ್ಟು ತರಕಾರಿ ಕೊಳೆಯುವುದಕ್ಕಿಂತ ಬೇಯಿಸಿ ಹಾಕಿದರೆ ಬಂದವರು ತಿಂದಾರು ಎಂಬುದು ಅವಳ ಲೆಕ್ಕ.

ನಡುಮನೆಯಲ್ಲಿ ಅಪ್ಪ ಮಲಗಿದ್ದ. ವಯಸ್ಸು ಐವತ್ತೆಂಟು. ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಕೆಲಸಕ್ಕೆ ಹೊರಟವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಎಡಗಾಲಿಗೆ ಬೂಟು ಹಾಕಿ ಲೇಸು ಕಟ್ಟಿದ್ದ. ಬಲಗಾಲಿನದು ಕೈಯಲ್ಲೇ ಇತ್ತು. ಅಮ್ಮ ಊಟದ ಡಬ್ಬಿ ತಂದು ಕೊಡುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದ. ಲೇಸು ಕಟ್ಟಲು ಅವನಿಗೆ ಈಚೆಗೆ ಹೊತ್ತಾಗುತ್ತಿತ್ತು, ಹಾಗಾಗಿ ಅಮ್ಮ ಎರಡು ಸಲ ಕೂಗಿದ ಮೇಲಷ್ಟೇ ಹತ್ತಿರ ಹೋಗಿ ನೋಡಿದ್ದು.

ಚಿತಾಗಾರದವರು ಹನ್ನೆರಡೂವರೆಗೆ ಸಮಯ ಕೊಟ್ಟಿದ್ದರು. ಈಗ ಹತ್ತೂಕಾಲು. ಮೂರನೇ ಮಹಡಿಯ ಮನೆ, ಇಕ್ಕಟ್ಟಾದ ಮೆಟ್ಟಿಲು. ಇಳಿಸುವುದು ಹೇಗೆ ಎಂದು ಅಪ್ಪನ ಗೆಳೆಯ ಬ್ರೇಕ್ ಮಾಮ ತಿರುವು ತಿರುವಿನಲ್ಲಿ ನಿಂತು ಅಳತೆ ನೋಡುತ್ತಿದ್ದ. ಬ್ರೇಕ್ ಮಾಮ ಅಂದರೆ ರೈಲು ಶೆಡ್ಡಿನಲ್ಲಿ ಹೊಸ ಗಾಡಿಗಳ ಬ್ರೇಕು ಪರೀಕ್ಷೆ ಮಾಡುವವನು. ಅಪ್ಪ ಬಾಗಿಲುಗಳನ್ನು ಪರೀಕ್ಷೆ ಮಾಡುವವನು, ಅದಕ್ಕೇ ಶೆಡ್ಡಿನಲ್ಲಿ ಅವನ ಹೆಸರು ಬಾಗಿಲಪ್ಪ. ಮಗಳು ಅವನ ಸಹಾಯಕಿ. ಎರಡು ವರ್ಷದಿಂದ ಅಪ್ಪ ಮಗಳು ಒಂದೇ ಬಸ್ಸು, ಒಂದೇ ಡಬ್ಬಿ, ಒಂದೇ ಶೆಡ್ಡು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದು ಅತ್ತೆ ಚಾಕು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು. ಅಪ್ಪನ ತಲೆಯ ಬಳಿ ಕೂತಿದ್ದ ಹೆಂಗಸು ಅವನ ಅಂಗಿಯ ಕಾಲರನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಮನೆಯವರಲ್ಲದವರು ಅಷ್ಟು ಸಲಿಗೆಯಿಂದ ಮುಟ್ಟುವುದು ಅತ್ತೆಗೆ ಸರಿಬಂದಿರಲಿಲ್ಲ.

"ನಾನು ಟೈಲರ್. ಈ ಅಂಗಿ ನಾನೇ ಹೊಲಿದದ್ದು." ಹೆಂಗಸು ಬಲಗೈಯ ತೋರುಬೆರಳನ್ನು ಎತ್ತಿ ತೋರಿಸಿದಳು. ತುದಿ ಚಪ್ಪಟೆಯಾಗಿತ್ತು, ಉಗುರಿರಲಿಲ್ಲ. "ಇದು ನಿಮ್ಮ ತಮ್ಮ ಪಾಸ್ ಮಾಡಿದ ಬಾಗಿಲು ಮಾಡಿದ್ದು. ಇಪ್ಪತ್ತೆರಡು ವರ್ಷ ಆಯ್ತು."

ಕೂತವರೆಲ್ಲ ತಿರುಗಿ ನೋಡಿದರು. ಅಮ್ಮ ಮಾತ್ರ ನೋಡಲಿಲ್ಲ, ಅವಳಿಗೆ ಕತೆ ಗೊತ್ತಿತ್ತು.

"ತಾನಾಗೇ ಮುಚ್ಚೋ ಬಾಗಿಲು ಆಗ ಹೊಸದು. ಅಡ್ಡ ಏನಾದ್ರೂ ಸಿಕ್ಕಿದ್ರೆ ವಾಪಸ್ ತೆರೀಬೇಕು. ಅದನ್ನ ನೋಡೋಕೆ ಇವ್ರಿಗೆ ಒಂದು ಮರದ ತುಂಡು ಕೊಟ್ಟಿದ್ರಂತೆ. ಮರದ ತುಂಡಿಗೆ ಬಾಗಿಲು ತೆರೀತು, ಪಾಸ್ ಅಂತ ಬರೆದ್ರು. ಆದ್ರೆ ತುಂಡು ದಪ್ಪ, ನನ್ನ ಬೆರಳು ಸಣ್ಣ. ನನ್ನ ಬೆರಳು ಬಾಗಿಲಿಗೆ ತಿಳೀಲೇ ಇಲ್ಲ. ಆಸ್ಪತ್ರೆಗೆ ಬಂದ್ರು ನೋಡಿ, ಬಾಯಿಗೆ ಬಂದ ಹಾಗೆ ಬೈದೆ. ಎಲ್ಲಾ ಕೇಳಿಸ್ಕೊಂಡು, 'ನಿಮ್ಮ ಇನ್ನೊಂದು ಕೈಯ ಬೆರಳು ಅಳ್ಕೋಬಹುದಾ' ಅಂದ್ರು! ಇವನ್ಯಾರಪ್ಪ ತಲೆಕೆಟ್ಟವನು ಅಂದ್ಕೊಂಡೆ. ದಾರದಲ್ಲಿ ಅಳ್ಕೊಂಡು ಹೋದ್ರು. ಮಾರನೇ ವಾರ ಬಟ್ಟೆ ತಂದಿಟ್ಟು, 'ಒಂದು ಅಂಗಿ ಬೇಕು, ಯಾವಾಗ ಕೈ ಬರುತ್ತೋ ಆವಾಗ ಹೊಲೀರಿ' ಅಂದ್ರು. ಏಳು ತಿಂಗಳು ಕಾದ್ರು. ಆ ಅಂಗಿ ಕಾಲರು ಸೊಟ್ಟ. ಈ ಅಂಗಿದೂ ಸೊಟ್ಟ. ಒಂದು ದಿನ ಹೇಳ್ಲಿಲ್ಲ ಪುಣ್ಯಾತ್ಮ."

"ಹೇಳ್ತಿದ್ರು," ಎಂದಳು ಅಮ್ಮ, ತಲೆ ಎತ್ತದೆ. "ನನ್ನ ಹತ್ರ ಹೇಳ್ತಿದ್ರು."

ಟೈಲರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಬ್ರೇಕ್ ಮಾಮ ಉಳಿದದ್ದನ್ನು ಹೇಳಿದ: ಅಂದಿನಿಂದ ಬಾಗಿಲಪ್ಪ ಮರದ ತುಂಡು ಮುಟ್ಟಲಿಲ್ಲ. ಆ ದಾರದ ಅಳತೆಗೆ ಸರಿಯಾದದ್ದು ಅಡುಗೆಮನೆಯಲ್ಲಿ ಸಿಕ್ಕಿತು. ಮುಚ್ಚುವ ಪ್ರತಿ ಬಾಗಿಲಿಗೂ ಒಂದೊಂದಾಗಿ ಇಪ್ಪತ್ತು ಕ್ಯಾರೆಟ್ ಅಡ್ಡ ಹಿಡಿಯುವುದು. ಒಂದು ಮುರಿದರೂ ಬಾಗಿಲು ಫೇಲು. ಮೊದಮೊದಲು ಶೆಡ್ಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನು ನೋಡಿದ ಒಂದು ಬಾಗಿಲೂ ಯಾರ ಬೆರಳನ್ನೂ ಕಚ್ಚಲಿಲ್ಲ, ನಗು ತಾನಾಗೇ ನಿಂತಿತು.

ಅತ್ತೆ ತಿರುಗಿ ಅಡುಗೆಮನೆಯ ಮಣೆಯನ್ನು ನೋಡಿದಳು. ಮಣೆಯ ಮೇಲೆ ಚೂರುಚೂರಾದ ಕ್ಯಾರೆಟ್ಟಿನ ಗುಡ್ಡ.

"ಅಯ್ಯೋ, ಎಲ್ಲಾ ಹೆಚ್ಚಿಬಿಟ್ಟೆನಲ್ಲೇ," ಎಂದಳು.

*

ಹತ್ತೂಮುಕ್ಕಾಲಿಗೆ ಶೆಡ್ಡಿನ ಸಾಹೇಬರು ಬಂದರು. ಹೂವಿಟ್ಟರು, ಅಮ್ಮನ ಮುಂದೆ ಮಂಡಿಯೂರಿ ಕೂತು ಎರಡು ಮಾತಾಡಿದರು. ಅವರು ಕೆಟ್ಟವರಲ್ಲ. ಆದರೆ ಕಂಕುಳಲ್ಲಿ ಒಂದು ಫೈಲು ಇತ್ತು, ಅದನ್ನು ಅಳುವವರ ಮಧ್ಯೆ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಕೊನೆಗೆ ಮಗಳಿಗೆ ಕಣ್ಸನ್ನೆ ಮಾಡಿ ಹೊರಗೆ ಮೆಟ್ಟಿಲ ಬಳಿ ಕರೆದರು.

"ಇವತ್ತು ಕೇಳಬಾರದು. ಕೇಳ್ತಿದೀನಿ. ಬೈಕೋ ಬೇಕಾದ್ರೆ."

"ಹೇಳಿ ಸರ್."

"ಸೋಮವಾರ ಹೊಸ ಗಾಡಿ ಜನರನ್ನ ಹತ್ತಿಸ್ಕೊಂಡು ಹೊರಡಬೇಕು. ಟಿಕೆಟ್ ಎಲ್ಲಾ ಹೋಗಿದೆ. ಬ್ರೇಕ್ ಆಯ್ತು, ತಿರುವು ಆಯ್ತು, ಸೀಟಿನ ಮೇಲೆ ಮರಳುಮೂಟೆ ಇಟ್ಟು ಓಡಿಸಿದ್ದೂ ಆಯ್ತು. ಮೂವತ್ತೆರಡು ಬಾಗಿಲಲ್ಲಿ ಮೂವತ್ತೊಂದು ಪಾಸು. ಒಂದೇ ಒಂದು ತಡೆ." ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಹಾಳೆಯನ್ನು ತೋರಿಸಿದರು. ಕೊನೆಯ ಸಾಲು: ಐದನೇ ಬೋಗಿ, ಎಡಗಡೆ, ಹಿಂದಿನ ಬಾಗಿಲು. ಎದುರಿಗೆ ಅಪ್ಪನ ಅಕ್ಷರದಲ್ಲಿ, 'ತಡೆ'.

"ನಿನ್ನೆ ಯಂತ್ರ ಇಟ್ಟು ನೋಡಿದ್ವಿ. ಸರಿಯಾಗಿದೆ. ಕಾನೂನಿನ ಪ್ರಕಾರ ಅಷ್ಟು ಸಾಕು. ಆದ್ರೆ ತಡೆ ತೆಗೀಬೇಕಾದ್ರೆ ಬಾಗಿಲಿನ ವಿಭಾಗದವರ ಸಹಿ ಬೇಕು. ಬಾಗಿಲಿನ ವಿಭಾಗ ಅಂದ್ರೆ ಈಗ ನೀನೊಬ್ಬಳೇ."

ಸಾಹೇಬರು ದನಿ ತಗ್ಗಿಸಿದರು.

"ಅಪ್ಪನ ಕೈ ಕೊನೆಕೊನೆಗೆ ನಡುಗ್ತಿತ್ತಲ್ಲಮ್ಮ. ನಮಗೆಲ್ಲ ಗೊತ್ತಿತ್ತು."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಯಾರಿಗೂ ಗೊತ್ತಿಲ್ಲ ಎಂದುಕೊಂಡೇ ಅವಳು ಒಂದು ವರ್ಷ ಕಳೆದಿದ್ದಳು.

*

ಹೊಸ ಗಾಡಿ ಬಂದದ್ದು ಆರು ವಾರದ ಹಿಂದೆ. ಊರಿಂದೂರಿಗೆ ಎರಡೇ ಗಂಟೆಯಲ್ಲಿ ಓಡುವ ಗಾಡಿ ಎಂದು ಪೇಪರಿನಲ್ಲೆಲ್ಲ ಬಂದು, ನೋಡಲು ಮೇಲ್ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಬಂದದ್ದು ಮಾತ್ರ ಹಳೇ ಎಂಜಿನ್ನಿನ ಬಾಲ ಹಿಡಿದು, ಮೈತುಂಬ ಪ್ಲಾಸ್ಟಿಕ್ ಸುತ್ತಿಸಿಕೊಂಡು, ನಡಿಗೆಯ ವೇಗದಲ್ಲಿ. "ಇದೇನಾ ಅಷ್ಟು ಜೋರಾಗಿ ಓಡೋದು?" ಎಂದು ಯಾರೋ ಕೇಳಿದ್ದಕ್ಕೆ ಸೇತುವೆಯೆಲ್ಲ ನಕ್ಕಿತ್ತು. ಅಪ್ಪ ನಗಲಿಲ್ಲ. ಬೋಗಿಗಳು ಕಾಲಡಿ ಹಾದುಹೋಗುತ್ತಿದ್ದಂತೆ ಬಾಗಿಲುಗಳನ್ನು ಎಣಿಸುತ್ತಿದ್ದ.

"ಮೂವತ್ತೆರಡು," ಎಂದ. "ಆರುನೂರ ನಲವತ್ತು ಕ್ಯಾರೆಟ್ಟು. ನಿಮ್ಮಮ್ಮ ಮನೆ ಬಿಟ್ಟು ಹೋಗ್ತಾಳೆ."

ಸೇತುವೆಯ ಕಂಬಿಯ ಮೇಲಿದ್ದ ಅವನ ಬಲಗೈ ಕಂಬಿಗೆ ತಗಲಿ ಸಣ್ಣಗೆ ಸದ್ದು ಮಾಡುತ್ತಿತ್ತು. ಮಗಳು ಮಾತಾಡುವ ನೆಪದಲ್ಲಿ ತನ್ನ ಕೈಯನ್ನು ಅದರ ಮೇಲಿಟ್ಟು ಸದ್ದು ನಿಲ್ಲಿಸಿದಳು. ಈ ವಿದ್ಯೆ ಅವಳಿಗೆ ಅಷ್ಟರಲ್ಲಿ ಕರಗತವಾಗಿತ್ತು. ಚಹಾದ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುವುದು, ಬರೆಯುವುದಿದ್ದರೆ "ನಾನೇ ಬರೀತೀನಪ್ಪ" ಎಂದು ಪೆನ್ನು ಕಿತ್ತುಕೊಳ್ಳುವುದು, ಪರೀಕ್ಷೆಯ ಹೊತ್ತಿನಲ್ಲಿ ಯಾರಾದರೂ ಬಂದರೆ ಅಡ್ಡ ನಿಲ್ಲುವುದು. ಅಪ್ಪನಿಗೆ ತಿಳಿಯದಂತೆ ಅಪ್ಪನನ್ನು ಕಾಯುತ್ತಿದ್ದಳು. ಅವನ ನಿವೃತ್ತಿಗೆ ಇನ್ನು ಎರಡೇ ವರ್ಷ, ಹೇಗೋ ದಾಟಿಸಿಬಿಡಬಹುದು ಎಂದುಕೊಂಡಿದ್ದಳು.

ಐದು ವಾರದಲ್ಲಿ ಮೂವತ್ತೊಂದು ಬಾಗಿಲು ಸರಾಗವಾಗಿ ಮುಗಿದವು. ಮೊನ್ನೆ ಗುರುವಾರ, ಕೊನೆಯ ಬಾಗಿಲಿನಲ್ಲಿ, ನಾಲ್ಕನೆಯ ಕ್ಯಾರೆಟ್ ಪಟಕ್ಕೆಂದು ಮುರಿಯಿತು. ಅವಳು ಆಗ ಬರೆಯುತ್ತಿದ್ದಳು, ನೋಡಲಿಲ್ಲ. ಒಂಬತ್ತನೆಯದು ಮುರಿದಾಗ ನೋಡಿದಳು. ಬಾಗಿಲು ಮುಟ್ಟುವ ಹೊತ್ತಿಗೆ ಅಪ್ಪನ ಮಣಿಕಟ್ಟು ತಿರುಗಿತೇ? ತಿರುಗಿದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ತಿರುಚಿದರೆ ಕ್ಯಾರೆಟ್ ತಾನಾಗೇ ಮುರಿಯುತ್ತದೆ, ಬಾಗಿಲಿನ ತಪ್ಪು ಬೇಕಾಗಿಲ್ಲ. 'ಅಪ್ಪ, ನಾನು ಹಿಡೀಲಾ' ಎಂದು ಕೇಳಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಹದಿನಾರನೆಯದೂ ಮುರಿಯಿತು.

ಅಪ್ಪ ಬೋಗಿಯ ಮೆಟ್ಟಿಲ ಮೇಲೆ ಕೂತ. "ಕೈ ಚಾಚು ನೋಡೋಣ," ಎಂದ.

ಅವಳು ಚಾಚಿದಳು. ಅಪ್ಪ ಒಂದು ತೆಳು ಹಾಳೆಯನ್ನು ಅವಳ ಬೆರಳುಗಳ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಹಾಳೆ ಮಿಸುಕಲಿಲ್ಲ.

"ಹ್ಞೂಂ," ಎಂದ. "ಹೋಗಿ ಕೋಣೆಗೆ ಬೀಗ ಹಾಕ್ಕೊಂಡು ಬಾ. ಇದನ್ನ ನಾನೇ ಬರೀತೀನಿ."

ಅವಳು ಬರುವಷ್ಟರಲ್ಲಿ ಫೈಲು ಕಚೇರಿಗೆ ಹೋಗಿಯಾಗಿತ್ತು.

*

"ನೋಡದೆ ಸಹಿ ಹಾಕಲ್ಲ ಸರ್," ಎಂದಳು ಮಗಳು.

"ಏನು ನೋಡೋದಮ್ಮ? ಯಂತ್ರ ನೋಡಿದೆ."

"ಯಂತ್ರ ನೋಡಿದ್ರೆ ಯಂತ್ರಾನೇ ಸಹಿ ಹಾಕಲಿ."

ಸಾಹೇಬರು ನಿಟ್ಟುಸಿರು ಬಿಟ್ಟರು. ಮಗಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಆ ಕಾಗದ ಅವರ ಮೇಜಿನ ಮೇಲೇ ಇತ್ತು. ಅದನ್ನು ಅವರು ಹೇಳಲೂ ಇಲ್ಲ, ಹೇಳದೆ ಇರಲೂ ಇಲ್ಲ: "ಮುಂದೆ ಬಾಗಿಲಿನ ವಿಭಾಗ ನೀನೇ ನಡೆಸ್ಬೇಕಾದೋಳು, ಯೋಚನೆ ಮಾಡು," ಎಂದರು.

ಮೆಟ್ಟಿಲಿನ ಮಾತು ಒಳಗೆ ಕೇಳದೆ ಇರುವಷ್ಟು ಆ ಮನೆ ದೊಡ್ಡದಲ್ಲ. ಅತ್ತೆ ಕಣ್ಣೊರೆಸಿಕೊಂಡು ಹೊರಗೆ ಬಂದಳು.

"ನನ್ನ ತಮ್ಮ ಬೇಡ ಅಂದ್ಮೇಲೆ ಬೇಡ. ಇಷ್ಟು ವರ್ಷ ಅವನು ಹೇಳಿದ್ದು ಒಂದಾದ್ರೂ ಸುಳ್ಳಾಗಿದೆಯಾ? ಅವನಿನ್ನೂ ಮನೆಯಿಂದ ಆಚೆ ಹೋಗಿಲ್ಲ, ಅಷ್ಟರಲ್ಲೇ ಅವನ ಮಾತು ಅಳಿಸೋಕೆ ಬಂದ್ರಾ? ನೋಡೇ, ನೀನೇನಾದ್ರೂ ಸಹಿ ಹಾಕಿದ್ಯೋ, ಮತ್ತೆ ನನ್ನ ಮುಖ ನೋಡ್ಬೇಡ."

ಮಗಳಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಇಬ್ಬರಿಗೂ ಬಾಗಿಲು ಬೇಕಾಗಿಲ್ಲ. ಒಬ್ಬರಿಗೆ ಸಹಿ ಬೇಕು, ಇನ್ನೊಬ್ಬರಿಗೆ ಸಹಿ ಬೇಡ. ತಡೆ ತೆಗೆಯದಿದ್ದರೆ ಅಪ್ಪನ ಕೊನೆಯ ಮಾತು ಹಾಗೇ ನಿಲ್ಲುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಆ ಮಾತು ಸರಿಯೋ ತಪ್ಪೋ ಅವಳಿಗೆ ತಿಳಿಯಲೇಬೇಕಿತ್ತು. ತಪ್ಪಾಗಿದ್ದರೆ ಆ ತಪ್ಪಿನಲ್ಲಿ ಅರ್ಧ ಅವಳದು. ಗುರುವಾರ ಬಾಯಿ ಮುಚ್ಚಿಕೊಂಡು ನಿಂತವಳು ಅವಳು. ಅಪ್ಪ ಸರಿಯಾಗಿಯೇ ನೋಡಿದ್ದ ಎಂದಾಗಲಿ ಎಂದು ಅವಳು ಮನಸ್ಸಿನಲ್ಲೇ ಅಂಗಲಾಚುತ್ತಿದ್ದಳು.

ಅಮ್ಮ ಬೆಳಗಿನಿಂದ ಕೂತ ಜಾಗದಿಂದ ಎದ್ದಿರಲಿಲ್ಲ. ಅಲ್ಲಿಂದಲೇ ಕೇಳಿದಳು, "ಶೆಡ್ಡು ದಾರೀಲೇ ಸಿಗುತ್ತಲ್ವಾ?"

"ದಾರೀಲೇ ಅತ್ತಿಗೆ, ಗೇಟಿನ ಮುಂದೇ ಹೋಗ್ಬೇಕು," ಎಂದ ಬ್ರೇಕ್ ಮಾಮ.

"ಹಾಗಾದ್ರೆ ಸ್ವಲ್ಪ ಬೇಗ ಹೊರಡೋಣ. ಅಲ್ಲಿ ನಿಲ್ಲಿಸಿ. ಅವಳು ನೋಡಿಕೊಂಡು ಬರಲಿ. ಇವರೂ ನಿನ್ನೆ ಅಲ್ಲಿಗೇ ಹೊರಟಿದ್ದು."

ಅತ್ತೆ ಏನೋ ಹೇಳಲು ಬಾಯಿ ತೆರೆದಳು.

"ಅಕ್ಕ, ಚಪ್ಪಲಿ ಹಾಕ್ಕೊಳ್ಳಿ," ಎಂದಳು ಅಮ್ಮ.

*

ಹನ್ನೊಂದೂವರೆಗೆ ಶೆಡ್ಡಿನ ಗೇಟಿನ ಮುಂದೆ ಶವದ ವ್ಯಾನೂ ಅದರ ಹಿಂದೆ ಒಂದು ಬಾಡಿಗೆ ಬಸ್ಸೂ ನಿಂತವು. ಕಾವಲಿನವನು ಒಳಗೆ ಯಾರಿದ್ದಾರೆಂದು ಇಣುಕಿ ನೋಡಿ, ಟೋಪಿ ತೆಗೆದು, ಹಾಜರಿ ಪುಸ್ತಕ ಕೇಳದೆ ಗೇಟು ತೆರೆದ. ವ್ಯಾನು ಶೆಡ್ಡಿನ ಬಾಗಿಲ ತನಕ ಹೋಯಿತು. ಮಗಳು, ಬ್ರೇಕ್ ಮಾಮ, ಸಾಹೇಬರು ಇಳಿದರು. ಉಳಿದವರು ಬಸ್ಸಿನಲ್ಲೇ ಇರಬೇಕೆಂಬುದು ಮಾತಾಗಿತ್ತು, ಆದರೆ ಹೊಸ ಗಾಡಿಯನ್ನು ಎರಡು ಮಾರು ದೂರದಲ್ಲಿ ಕಂಡಮೇಲೆ ಯಾರು ಕೂತಾರು? ಒಬ್ಬೊಬ್ಬರಾಗಿ ಇಳಿದುಬಂದರು. ಪ್ಲಾಸ್ಟಿಕ್ಕೆಲ್ಲ ಬಿಚ್ಚಿ, ತೊಳೆದು, ಗಾಡಿ ಫಳಫಳ ಹೊಳೆಯುತ್ತಿತ್ತು.

"ನಿಧಾನ, ನಿಧಾನ, ಕಾಲು ಒರೆಸ್ಕೊಂಡು," ಎಂದು ಸಾಹೇಬರು ಹಿಂದೆ ಮುಂದೆ ಓಡಾಡಿದರು. ಸಾವಿನ ಮನೆಯವರಿಗೆ ಗದರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅತ್ತೆ ಆಗಲೇ ಐದನೇ ಬೋಗಿಯ ಸೀಟೊಂದರಲ್ಲಿ ಕೂತು, ಅದು ಹಿಂದಕ್ಕೆ ವಾಲಿದಾಗ "ಅಯ್ಯಯ್ಯೋ" ಎಂದು ಕೂಗಿ ಎದ್ದಳು.

ಬ್ರೇಕ್ ಮಾಮ ಬಾಗಿಲಿನ ಹೊರಬದಿಯ ಗುಂಡಿಯ ಬಳಿ ನಿಂತ. "ಕ್ಯಾರೆಟ್ ಎಲ್ಲಿ?"

"ಇಲ್ಲ ಮಾಮ. ಅತ್ತೆ ಹೆಚ್ಚಿಟ್ಟಿದಾರೆ."

"ಅಂಗಡಿಯಿಂದ ತರಿಸ್ತೀನಿ ಇರು."

"ಅಂಗಡೀಲಿ ಒಂದೇ ಅಳತೇದು ಆರಿಸೋಕೆ ಅಪ್ಪನಿಗೆ ಅರ್ಧ ದಿನ ಬೇಕಾಗ್ತಿತ್ತು," ಎಂದು ಮಗಳು ಎಡಗೈಯ ಕಿರುಬೆರಳನ್ನು ಬಾಗಿಲ ಅಂಚಿಗೆ ಹಿಡಿದಳು. "ಒತ್ತಿ."

ಬ್ರೇಕ್ ಮಾಮ ಒತ್ತಲಿಲ್ಲ. ಸಾಹೇಬರು, "ಏ, ಏ, ಏನಮ್ಮ ಇದು, ಕೈ ಇಡಬಾರದು ಅಂತ ನಿಯಮ ಇದೆ," ಎಂದರು. ಟೈಲರಮ್ಮ ಜನರನ್ನು ಸರಿಸಿಕೊಂಡು ಬಂದು ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

"ಬೇಡ ಮಗಳೇ. ಆ ನೋವು ನಿನಗೆ ಗೊತ್ತಿಲ್ಲ."

"ಯಂತ್ರ ಸರಿಯಿದೆ ಅಂದಿದೆ. ಸಾಹೇಬರು ಸರಿಯಿದೆ ಅಂತಿದಾರೆ. ಸೋಮವಾರ ಯಾರ್ಯಾರದೋ ಬೆರಳು ಇಲ್ಲಿ ಸಿಗುತ್ತೆ. ಮೊದಲು ನಂದು ಇರಲಿ ಬಿಡಿ."

ಟೈಲರಮ್ಮ ಕೈ ಬಿಟ್ಟು, ತನ್ನ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು. ಬ್ರೇಕ್ ಮಾಮ ಅಮ್ಮನ ಕಡೆ ನೋಡಿದ. ಅಮ್ಮ ಕೆಳಗೆ, ಪ್ಲಾಟ್‌ಫಾರ್ಮಿನಂಥ ಕಟ್ಟೆಯ ಮೇಲೆ ನಿಂತಿದ್ದಳು. ಬೇಡ ಅನ್ನಲಿಲ್ಲ. ಬ್ರೇಕ್ ಮಾಮ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ.

ಬಾಗಿಲು ಬಂತು. ರಬ್ಬರಿನ ಅಂಚು ಬೆರಳಿಗೆ ತಾಗಿತು, ಒಂದು ಕ್ಷಣ ನಿಂತಿತು, ಹಿಂದೆ ಸರಿಯಿತು.

"ಒಂದು," ಎಂದಳು.

ಎರಡು. ಮೂರು. ನಾಲ್ಕನೆಯದಕ್ಕೆ ಅವಳು ಬೆರಳಿನಿಂದ ಕಣ್ಣು ಕೀಳಲಿಲ್ಲ. ಬಾಗಿಲು ತಾಗಿ ಸರಿಯಿತು. ಒಂಬತ್ತನೆಯದಕ್ಕೂ ಅಷ್ಟೇ. ಈಗ ಅವಳಿಗೆ ತನ್ನೊಳಗಿನ ಹುಚ್ಚು ಸರಿಯಾಗಿ ತಿಳಿಯಿತು: ಬೆರಳನ್ನು ಅಲ್ಲೇ ಇಟ್ಟುಕೊಂಡು, ಬಾಗಿಲು ಕೆಟ್ಟಿರಲಿ ಎಂದು ಹಾರೈಸುತ್ತಿದ್ದಳು. ಒಂದು ಸಲ ಕಚ್ಚಿಬಿಡಲಿ, ಉಗುರು ಹೋದರೂ ಹೋಗಲಿ, ಅಪ್ಪ ಗೆಲ್ಲಲಿ. ಹನ್ನೆರಡು. ಹದಿಮೂರು. ಹದಿನಾರು ಕಳೆದ ಮೇಲೆ ಅವಳ ಕಣ್ಣು ಮಂಜಾಯಿತು. ಹದಿನೆಂಟು. ಹತ್ತೊಂಬತ್ತು.

ಇಪ್ಪತ್ತು.

ಬಾಗಿಲು ಸರಿಯಾಗಿತ್ತು. ಅದರಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅಪ್ಪ ತಪ್ಪಾಗಿ ನೋಡಿದ್ದ.

"ದೇವರು ದೊಡ್ಡೋನು," ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ. ಅತ್ತೆ ಸೀಟಿನ ಬೆನ್ನು ಹಿಡಿದು ನಿಂತಿದ್ದವಳು ಬೇರೆ ಕಡೆ ಮುಖ ತಿರುಗಿಸಿದಳು. ಮಗಳು ಫೈಲಿಗೆ ಕೈ ಚಾಚಿದಳು. ಪ್ಲಾಸ್ಟಿಕ್ಕಿನಿಂದ ಹಾಳೆಯನ್ನು ಹೊರಗೆಳೆದಳು. ಎಷ್ಟು ಸಲ ನೋಡಿದ್ದು ಎಂಬುದನ್ನು ಹಾಳೆಯ ಹಿಂಬದಿಗೆ ಬರೆಯಬೇಕು. ಕಚೇರಿಯಲ್ಲಿ ಅದನ್ನು ಓದುವವರು ಯಾರೂ ಇಲ್ಲ, ಅಪ್ಪ ಮಾತ್ರ ಪ್ರತಿ ಸಲವೂ ಬರೆಯಿಸುತ್ತಿದ್ದ. ಅಪ್ಪನ ಮಾತಿನ ವಿರುದ್ಧ ಬರೆಯುವುದನ್ನೂ ಅಪ್ಪ ಹೇಳಿಕೊಟ್ಟ ಹಾಗೇ ಬರೆಯೋಣ ಎಂದು ಅವಳು ಹಾಳೆ ತಿರುಗಿಸಿದಳು.

ಕೊನೆಯ ಬಾಗಿಲಿಗೆಂದು ಬಿಟ್ಟ ಜಾಗ ಖಾಲಿ ಇರಲಿಲ್ಲ. ಅಕ್ಷರಗಳು ಅಡ್ಡಾದಿಡ್ಡಿಯಾಗಿ, ಗೆರೆ ಬಿಟ್ಟು ಇಳಿದಿದ್ದವು. ಒಂದೊಂದನ್ನೂ ಅಪ್ಪ ಒತ್ತಿ ಹಿಡಿದು ಬರೆದಿದ್ದ.

'ಇಪ್ಪತ್ತರಲ್ಲಿ ಮೂರು ಮುರಿದವು. ಮೂರು ಸಲವೂ ನನ್ನ ಕೈ ಅಲುಗಿದ್ದು ನನಗೆ ತಿಳಿಯಿತು. ತಪ್ಪು ಬಾಗಿಲಿನದೋ ನನ್ನದೋ ಹೇಳಲಾರೆ, ಆದ್ದರಿಂದ ತಡೆ ಹಾಕಿದ್ದೇನೆ. ನನ್ನ ಮಗಳಿಂದ ನೋಡಿಸುವುದು. ಅವಳು ಹೇಳಿದ್ದು ಅಂತಿಮ. ಒಂದು ವರ್ಷದಿಂದ ಅವಳು ನನ್ನ ಕೈಯನ್ನು ಮುಚ್ಚಿಡುತ್ತಿದ್ದಾಳೆ, ಅವಳಿಗೆ ಈ ಭಾರ ಇನ್ನು ಬೇಡ. ಸೋಮವಾರದಿಂದ ನನ್ನನ್ನು ಬಾಗಿಲಿನ ಕೆಲಸದಿಂದ ಬಿಡಿಸಬೇಕಾಗಿ ಕೋರುತ್ತೇನೆ.'

ಕೆಳಗೆ ಸಹಿ.

ಬೆಳಗಿನಿಂದ ಒಂದು ಹನಿ ಹಾಕದ ಮಗಳು ಬೋಗಿಯ ನೆಲದ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಟೈಲರಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಸಾಹೇಬರು ಹಾಳೆಯನ್ನು ಎತ್ತಿಕೊಂಡು ಓದಿದರು, ಮತ್ತೊಂದು ಸಲ ಓದಿದರು. ಎರಡು ದಿನದಿಂದ ಕಂಕುಳಲ್ಲೇ ಇದ್ದ ಹಾಳೆ. "ತಿರುಗಿಸಿ ನೋಡಲೇ ಇಲ್ಲವಲ್ಲಪ್ಪ," ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಅತ್ತೆ ಏನು ಬರೆದಿದೆ ಎಂದು ಓದಿಸಿ ಕೇಳಿದಳು. ಕೇಳಿ, "ಸಹಿ ಹಾಕು ಮಗಾ," ಎಂದಳು.

ಮಗಳು ಕೈ ಒರೆಸಿಕೊಂಡಳು. ಅಪ್ಪನ ಸಹಿಯ ಕೆಳಗೆ, 'ಇಪ್ಪತ್ತು ಸಲ ನೋಡಿದೆ. ಬಾಗಿಲು ಸರಿಯಿದೆ' ಎಂದು ಬರೆದು ಹೆಸರು ಹಾಕಿದಳು.

ಹೊರಗೆ ವ್ಯಾನಿನ ಚಾಲಕ ಗಂಟೆ ನೋಡಿಕೊಂಡು ಎಂಜಿನ್ ಚಾಲೂ ಮಾಡಿದ. ಜನ ಇಳಿಯತೊಡಗಿದರು. ಬೋಗಿಯಿಂದ ಕೊನೆಯದಾಗಿ ಇಳಿದ ಮಗಳು ನೋಡುತ್ತಾಳೆ, ಅಮ್ಮ ಅದೇ ಬಾಗಿಲಿನ ಮುಂದೆ ನಿಂತೇ ಇದ್ದಾಳೆ. ಮೂವತ್ತು ವರ್ಷ ಡಬ್ಬಿ ಕಟ್ಟಿ, ಇಪ್ಪತ್ತೆರಡು ವರ್ಷ ಕ್ಯಾರೆಟ್ ತೊಳೆದು ಕಳಿಸಿದವಳು ಶೆಡ್ಡಿನೊಳಗೆ ಬಂದದ್ದು ಇದೇ ಮೊದಲು.

"ನಡಿ ಅಮ್ಮ, ಹೊತ್ತಾಯ್ತು."

"ಒಂದ್ಸಲ ಒತ್ತೋಕೆ ಹೇಳು."

"ಯಾಕಮ್ಮ?"

ಅಮ್ಮ ಕೈ ಮುಂದೆ ಮಾಡಿದಳು. ಕಿರುಬೆರಳಲ್ಲ, ಐದೂ ಬೆರಳು ಬಿಡಿಸಿ, ಅಂಗೈಯನ್ನೇ ಬಾಗಿಲ ಅಂಚಿಗೆ ಅಡ್ಡ ಹಿಡಿದಳು. ಇಪ್ಪತ್ತು ಸಲ ನೋಡಿ, ಬರೆದು, ಸಹಿ ಹಾಕಿದ ಮೇಲೂ ಮಗಳಿಗೆ ಬೇಡ ಅನ್ನಬೇಕೆನಿಸಿತು. ಅನ್ನಲಿಲ್ಲ. ಬ್ರೇಕ್ ಮಾಮನನ್ನು ಸರಿಸಿ ತಾನೇ ಗುಂಡಿ ಒತ್ತಿದಳು.

ಬಾಗಿಲು ಬಂತು, ಅಮ್ಮನ ಕೈಯನ್ನು ಮುಟ್ಟಿತು, ಹಿಂದೆ ಸರಿಯಿತು. ಅಮ್ಮ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದಳು.

"ಇನ್ನೊಂದ್ಸಲ," ಎಂದಳು.